ಮಾರ್ಲೋವಿನ ವಕಾರ



ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಎಲಿಜಬೆತ್ ರಾಣಿಯ ಕಾಲದ ನಾಟಕಗಳನ್ನು ಓದಿದವರಿಗೆ ‘ಮಾರ್ಲೋವಿಯನ್’ ಎಂಬ ವಿಶೇಷಣ ಹೊಸದಲ್ಲ. ಕವಿಯೂ ನಾಟಕಕಾರನೂ ಆದ ಕ್ರಿಸ್ಟೋಫರ್ ಮಾರ್ಲೋವಿಗೆ ಸೇರಿದ್ದು, ಅವನ ಧಾಟಿಯದು ಎಂದು ಅದರ ಅರ್ಥ. ಪದವನ್ನು ಒಂದೊಂದೇ ಅಕ್ಷರವಾಗಿ ನೋಡಿದರೆ ಮಾತ್ರ ಒಂದು ತೊಡಕು ಕಾಣುತ್ತದೆ. ಕವಿಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಕೊನೆಯಲ್ಲಿರುವುದು ಡಬ್ಲ್ಯು, ಅದಾದ ಮೇಲೆ ಒಂದು ಇ. ವಿಶೇಷಣದಲ್ಲಿ ಇವೆರಡೂ ಇಲ್ಲ; ಆ ಜಾಗದಲ್ಲಿ ‘ವಿ’ ಬಂದು ಕೂತಿದೆ. ಅದು ಎಲ್ಲಿಂದ ಬಂತು? ಇವತ್ತಿನ ಉಪನ್ಯಾಸ ಪೂರ್ತಿ ಆ ಒಂದಕ್ಷರದ ಬಗ್ಗೆ. ದತ್ತಿ ಉಪನ್ಯಾಸಕ್ಕೆ ಇಷ್ಟು ಸಣ್ಣ ವಿಷಯವೇ ಎಂದು ನೀವು ಕೇಳಬಹುದು. ದೊಡ್ಡ ವಿಷಯಗಳ ಮೇಲೆ ಇದೇ ವೇದಿಕೆಯಲ್ಲಿ ಬೇಕಾದಷ್ಟು ಮಾತಾಗಿದೆ. ಈ ವರ್ಷ ಒಂದಕ್ಷರ ಸಾಕು.

ಕನ್ನಡದ ಕಿವಿಗೆ ಇದೊಂದು ತೊಡಕು ಎಂದೇ ಅನ್ನಿಸುವುದಿಲ್ಲ. ಇಂಗ್ಲಿಷಿನ ಡಬ್ಲ್ಯುಗೂ ವಿಗೂ ನಮ್ಮಲ್ಲಿರುವುದು ಒಂದೇ ವಕಾರ, ಅದೊಂದು ಕಾರಣ. ಇನ್ನೊಂದು ಇದಕ್ಕಿಂತ ಗಟ್ಟಿಯಾದದ್ದು. ಹೈಸ್ಕೂಲಿನ ವ್ಯಾಕರಣದಲ್ಲಿ ಆಗಮಸಂಧಿ ಓದಿದ್ದೇವೆ. ಗಾಳಿ, ಕೆರೆಗಳ ಮುಂದೆ ಸ್ವರ ಬಂದರೆ ಯಕಾರ ಬರುತ್ತದೆ: ಗಾಳಿಯನ್ನು, ಕೆರೆಯನ್ನು. ಉಕಾರ, ಓಕಾರಗಳ ಮುಂದೆ ಬಂದರೆ ವಕಾರ: ಮಗುವಿಗೆ, ಗುರುವನ್ನು, ಗೋವಿನ. ಹೆಸರುಗಳಿಗೂ ಇದೇ ನಿಯಮ. ಟಿಪ್ಪುವಿನ, ಪ್ಲೇಟೋವಿನ ಎನ್ನುತ್ತೇವೆ. ಹಾಗಾದರೆ ಮಾರ್ಲೋ ಮುಂದೆ ‘ಇಯನ್’ ಬಂದರೆ ಮಾರ್ಲೋವಿಯನ್ ಆಗದೆ ಮತ್ತೇನಾಗಬೇಕು? ಎರಡು ಸ್ವರಗಳ ನಡುವೆ ನಾಲಿಗೆ ಎಡವದಿರಲಿ ಎಂದು ಬಂದ ವಕಾರಾಗಮ, ಮುಗಿಯಿತು.

ಉತ್ತರ ಚೆನ್ನಾಗಿದೆ, ಆದರೆ ಸರಿಯಲ್ಲ. ಇಂಗ್ಲಿಷಿಗೆ ವಕಾರಾಗಮ ಎಂಬ ಸಂಧಿ ಇಲ್ಲ. ಓಕಾರದಲ್ಲಿ ಕೊನೆಯಾಗುವ ಹೆಸರುಗಳ ಮುಂದೆ ಅದು ಬೇರೆ ಏನೇನೋ ಮಾಡುತ್ತದೆ. ಪ್ಲೇಟೋವಿನಿಂದ ಪ್ಲೇಟೋನಿಕ್, ಸಿಸಿರೋವಿನಿಂದ ಸಿಸಿರೋನಿಯನ್. ಇವುಗಳಲ್ಲಿ ಬರುವುದು ನಕಾರ, ಅದೂ ಗ್ರೀಕ್ ಮತ್ತು ಲ್ಯಾಟಿನ್ ವಿಭಕ್ತಿರೂಪಗಳಲ್ಲಿ ಮೊದಲೇ ಇದ್ದದ್ದು. ಮಾರ್ಲೋವಿಯನ್ನಿನ ವಕಾರ ಬಂದ ದಾರಿಯೇ ಬೇರೆ. ಅದು ನಾಲಿಗೆಯಿಂದ ಹುಟ್ಟಿದ್ದಲ್ಲ, ಪಾಠಶಾಲೆಯಿಂದ ಬಂದದ್ದು.

ಮೊದಲು ಪ್ರತ್ಯಯದ ಮಾತು ಮುಗಿಸಿಬಿಡೋಣ. ಕವಿಗಳ ಹೆಸರಿನಿಂದ ವಿಶೇಷಣ ಕಟ್ಟಲು ಇಂಗ್ಲಿಷಿನಲ್ಲಿ ಮುಖ್ಯವಾಗಿ ಮೂರು ಪ್ರತ್ಯಯಗಳಿವೆ. ‘ಇಕ್’ ಗ್ರೀಕ್ ಮೂಲದ್ದು: ಮಿಲ್ಟನ್ನಿನಿಂದ ಮಿಲ್ಟಾನಿಕ್, ಬೈರನ್ನಿನಿಂದ ಬೈರಾನಿಕ್. ‘ಎಸ್ಕ್’ ಇಟಲಿ ಮತ್ತು ಫ್ರಾನ್ಸ್ ಹಾದು ಬಂದದ್ದು. ಆಡನ್ನನ ಧಾಟಿಯನ್ನು ಆಡನೆಸ್ಕ್ ಎನ್ನುವಾಗ ಅದರಲ್ಲಿ ಅನುಕರಣೆಯ ಒಂದು ವಾಸನೆಯೂ ಇರುತ್ತದೆ. ಹೆಚ್ಚು ಬಳಕೆಯಲ್ಲಿರುವುದು ‘ಇಯನ್’, ಲ್ಯಾಟಿನ್ನಿನ ‘ಇಯಾನುಸ್’. ಸ್ಪೆನ್ಸೀರಿಯನ್, ಟೆನಿಸೋನಿಯನ್, ವರ್ಡ್ಸ್‌ವರ್ತಿಯನ್ ಎಲ್ಲ ಅದರಿಂದಲೇ. ಮಿಲ್ಟನ್ನಿಗೆ ಇಕ್ ಹತ್ತಿದ್ದು, ಟೆನಿಸನ್ನಿಗೆ ಇಯನ್ ಹತ್ತಿದ್ದು ಏಕೆ ಎಂದರೆ ರೂಢಿ ಎನ್ನಬೇಕೇ ಹೊರತು ನಿಯಮ ಹೇಳಲಾಗದು. ಈ ಇಯಾನುಸ್ ರೋಮನ್ನರ ಕಾಲದಲ್ಲಿ ಮನೆತನದ ಗುರುತೂ ಆಗಿತ್ತು. ಒಕ್ಟೇವಿಯಸ್ ಎಂಬ ಹುಡುಗ ಜೂಲಿಯಸ್ ಸೀಸರನ ದತ್ತುಮಗನಾದಾಗ ಹುಟ್ಟುಮನೆಯ ನೆನಪಿಗೆ ಒಕ್ಟೇವಿಯಾನುಸ್ ಆದ. ಇಂಥವರ ಮನೆಯಿಂದ ಬಂದವನು ಎಂದು ಹೇಳುತ್ತಿದ್ದ ಪ್ರತ್ಯಯ ಮುಂದೆ ಇಂಥವರ ಕಾವ್ಯದ ಕಡೆಯದು ಎಂದು ಹೇಳತೊಡಗಿತು.

ಈಗ ಡಬ್ಲ್ಯು. ಲ್ಯಾಟಿನ್ ಲಿಪಿಯಲ್ಲಿ ಆ ಅಕ್ಷರ ಇರಲಿಲ್ಲ. ವಿ ಎಂಬ ಒಂದೇ ಗುರುತು ಉಕಾರಕ್ಕೂ ಆಗುತ್ತಿತ್ತು, ವಕಾರಕ್ಕೂ ಆಗುತ್ತಿತ್ತು. ಸಿಸಿರೋವಿನ ಕಾಲದಲ್ಲಿ ಅದರ ವ್ಯಂಜನಧ್ವನಿ ಇಂದಿನ ಇಂಗ್ಲಿಷ್ ಡಬ್ಲ್ಯುವಿನಂತೆ, ತುಟಿಗಳನ್ನು ದುಂಡಗೆ ಮಾಡಿ ಹೇಳುವಂಥದ್ದು. ಆಮೇಲೆ ಅದು ಹಲ್ಲು ತುಟಿಗೆ ತಾಗುವ ವಿ ಆಯಿತು. ಇಂಗ್ಲೆಂಡಿನವರು ತಮ್ಮ ನಾಡಿನ ದುಂಡು ವಕಾರಕ್ಕೆ ಮೊದಲು ರೂನ್ ಲಿಪಿಯಿಂದ ಒಂದು ಅಕ್ಷರ ಎರವಲು ತಂದಿದ್ದರು. ನಾರ್ಮನ್ನರು ಬಂದ ಮೇಲೆ ಲಿಪಿಕಾರರು ಅದನ್ನು ಬಿಟ್ಟು ಎರಡು ಯು ಜೋಡಿಸಿ ಬರೆಯತೊಡಗಿದರು. ಡಬ್ಲ್ಯು ಎಂಬ ಹೆಸರೇ ಅದನ್ನು ಹೇಳುತ್ತದೆ. ಆಕಾರ ನೋಡಿ ಹೆಸರಿಟ್ಟ ಫ್ರೆಂಚರು ಅದನ್ನು ‘ಜೋಡಿ ವಿ’ ಎನ್ನುತ್ತಾರೆ. ಯು ಬೇರೆ, ವಿ ಬೇರೆ ಎಂಬ ವಿಂಗಡಣೆಯೂ ಆಗ ಇರಲಿಲ್ಲ. ಮಾರ್ಲೋವಿನ ಕೃತಿಗಳ ಹಳೆಯ ಮುದ್ರಣಗಳಲ್ಲಿ ಪದದ ಮೊದಲಿಗೆ ಬಂದರೆ ವಿ, ನಡುವೆ ಬಂದರೆ ಯು. ಪ್ರೀತಿ ಎಂಬರ್ಥದ ‘ಲವ್’ ಪದದ ನಡುವೆ ಯು ಕಾಣುತ್ತದೆ. ಮೊದಲ ಸಲ ನೋಡಿದವರಿಗೆ ಅಚ್ಚಿನ ತಪ್ಪಿನಂತೆ ತೋರುತ್ತದೆ.

ಹೀಗಿರುವಾಗ ಕೊನೆಯಲ್ಲಿ ಡಬ್ಲ್ಯು ಇರುವ ಇಂಗ್ಲಿಷ್ ಹೆಸರೊಂದನ್ನು ಲ್ಯಾಟಿನ್ನಿನಲ್ಲಿ ಬರೆಯಬೇಕಾದ ವಿದ್ವಾಂಸ ಏನು ಮಾಡಬೇಕು? ಜೋಡಿ ವಿ ಇದ್ದಲ್ಲಿ ಒಂಟಿ ವಿ ಇಟ್ಟು ‘ಇಯಸ್’ ಸೇರಿಸಿದ. ಶಾ ಎಂಬವನು ಶೇವಿಯಸ್ ಆದ, ಮಾರ್ಲೋ ಮಾರ್ಲೋವಿಯಸ್ ಆದ. ಆ ಇಯಸ್ ತೆಗೆದು ಇಯನ್ ಹಾಕಿದರೆ ಶೇವಿಯನ್, ಮಾರ್ಲೋವಿಯನ್. ಮಾರ್ಲೋ, ಶಾ ಎಂದು ಬಾಯಲ್ಲಿ ಹೇಳುವಾಗ ಆ ಡಬ್ಲ್ಯು ಕೇಳಿಸುವುದೇ ಇಲ್ಲ. ಬರವಣಿಗೆಯಲ್ಲಿ ಸುಮ್ಮನೆ ಕೂತಿದ್ದ ಅಕ್ಷರಕ್ಕೆ ಲ್ಯಾಟಿನ್ ಸುತ್ತಿ ಬಂದ ಮೇಲೆ ಧ್ವನಿ ಬಂತು. ಒತ್ತೂ ಜಾಗ ಬದಲಿಸಿತು: ಮಾರ್ಲೋದಲ್ಲಿ ಒತ್ತು ‘ಮಾರ್’ ಮೇಲೆ, ಮಾರ್ಲೋವಿಯನ್ನಿನಲ್ಲಿ ‘ಲೋ’ ಮೇಲೆ. ಮಾರ್ಲೋವಿಯನ್ನಿನ ಹುಟ್ಟು ಇಷ್ಟೇ. ನಿಘಂಟಿನಲ್ಲಿ ಒಂದೂವರೆ ಸಾಲು.

ಇದು ಒಬ್ಬಿಬ್ಬರಿಗೆ ಆದದ್ದಲ್ಲ. 16 ಮತ್ತು 17ನೇ ಶತಮಾನಗಳ ಯುರೋಪಿನಲ್ಲಿ ವಿದ್ಯೆ ಎಂದರೆ ಲ್ಯಾಟಿನ್. ವಿದ್ವಾಂಸನಾಗಲು ಹೊರಟವನ ಹೆಸರೂ ಲ್ಯಾಟಿನ್ ಉಡುಗೆ ತೊಡಬೇಕಿತ್ತು. ಡಚ್ ನ್ಯಾಯಶಾಸ್ತ್ರಜ್ಞ ದೆ ಗ್ರೋಟ್ ಗ್ರೋಷಿಯಸ್ ಆದ. ಫ್ರಾನ್ಸಿನ ದೆಕಾರ್ತ್ ಕಾರ್ಟೀಸಿಯಸ್ ಆದ. ನಾವು ಗಣಿತದ ತರಗತಿಯಲ್ಲಿ ಕಾರ್ಟೀಸಿಯನ್ ನಿರ್ದೇಶಾಂಕ ಎನ್ನುವುದು ಅವನ ಹೆಸರನ್ನೇ. ಚೀನಾದ ಕಾಂಗ್ ಫೂಟ್ಸು ಜೆಸ್ವಿಟ್ ಪಾದ್ರಿಗಳ ಕೈಗೆ ಸಿಕ್ಕಿ ಕನ್‌ಫ್ಯೂಷಿಯಸ್ ಆದ. ಅವನು ಬದುಕಿದ್ದ ಕಾಲಕ್ಕೂ ಈ ನಾಮಕರಣಕ್ಕೂ ಎರಡು ಸಾವಿರ ವರ್ಷದ ಅಂತರ.

ಮಾರ್ಲೋವಿನ ಅತಿ ಪ್ರಸಿದ್ಧ ನಾಯಕನ ಹೆಸರಿನಲ್ಲೂ ಇದೇ ಇದೆ. ಜರ್ಮನ್ ನಾಡಿನ ಫೌಸ್ಟ್ ಅವನ ನಾಟಕದಲ್ಲಿ ಡಾಕ್ಟರ್ ಫೌಸ್ಟಸ್. ಲ್ಯಾಟಿನ್ನಿನಲ್ಲಿ ಫೌಸ್ಟಸ್ ಎಂದರೆ ಮಂಗಳಕರ, ಅದೃಷ್ಟವಂತ. 24 ವರ್ಷದ ಸುಖಕ್ಕೆ ಆತ್ಮ ಮಾರಿಕೊಂಡವನಿಗೆ ಎಂಥ ಹೆಸರು! ನಾಟಕ ಶುರುವಾದಾಗ ಅವನು ತನ್ನ ಓದುಕೋಣೆಯಲ್ಲಿ ಕೂತು ಅರಿಸ್ಟಾಟಲ್, ಗೇಲನ್, ಜಸ್ಟಿನಿಯನ್, ಜೆರೋಮನ ಬೈಬಲ್ ಒಂದೊಂದನ್ನೇ ತೆಗೆದು, ಲ್ಯಾಟಿನ್ ವಾಕ್ಯ ಓದಿ, ಸಾಕು ಎಂದು ಬದಿಗಿಡುತ್ತಾನೆ. ಆ ಲ್ಯಾಟಿನ್ ಪಾಂಡಿತ್ಯ ಮಾರ್ಲೋವಿಗೆ ಪರಂಪರೆಯಿಂದ ಬಂದದ್ದಲ್ಲ. ಕ್ಯಾಂಟರ್ಬರಿಯಲ್ಲಿ ಅವನ ತಂದೆ ಜೋಡು ಹೊಲಿಯುವ ಕಸುಬಿನವನು. ಮಗ ವಿದ್ಯಾರ್ಥಿವೇತನದ ಮೇಲೆ ಊರಿನ ಕಿಂಗ್ಸ್ ಸ್ಕೂಲಿಗೆ ಸೇರಿದ. 1580ರಲ್ಲಿ ಇನ್ನೊಂದು ವಿದ್ಯಾರ್ಥಿವೇತನ ಅವನನ್ನು ಕೇಂಬ್ರಿಜ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜಿಗೆ ಕರೆದೊಯ್ದಿತು. 1584ರಲ್ಲಿ ಬಿ.ಎ., 1587ರಲ್ಲಿ ಎಂ.ಎ. ಓವಿಡನ ಪ್ರಣಯಗೀತೆಗಳನ್ನು ಇಂಗ್ಲಿಷಿಗೆ ತಂದ. ಆ ಅನುವಾದವನ್ನು ಅವನು ಸತ್ತ ಆರು ವರ್ಷದ ಮೇಲೆ, 1599ರಲ್ಲಿ, ಬಿಷಪ್ಪರ ಆಜ್ಞೆಯ ಮೇರೆಗೆ ಸುಟ್ಟರು. ಲ್ಯಾಟಿನ್ ಪಾಠಶಾಲೆಯ ವಕಾರ ಯಾರಿಗಾದರೂ ಸಲ್ಲಬೇಕಾದರೆ ಇಂಥವನಿಗೇ ಸಲ್ಲಬೇಕು ಎಂದು ನನಗೆ ಅನ್ನಿಸುತ್ತದೆ.

ಶಾ ವಿಷಯಕ್ಕೆ ಬಂದರೆ, ಜಾರ್ಜ್ ಬರ್ನಾರ್ಡ್ ಶಾ ಶೇವಿಯನ್ ಪದದ ಬಗ್ಗೆ ತಾನೇ ಒಂದು ಕಥೆ ಹೇಳುತ್ತಿದ್ದ. ಗೆಳೆಯ ವಿಲಿಯಂ ಮಾರಿಸ್‌ಗೆ ಒಂದು ಮಧ್ಯಯುಗದ ಹಸ್ತಪ್ರತಿಯ ಅಂಚಿನಲ್ಲಿ ಲ್ಯಾಟಿನ್ ಟಿಪ್ಪಣಿ ಸಿಕ್ಕಿತಂತೆ: ಶೇವಿಯಸ್ ಹೀಗೆ ಹೇಳುತ್ತಾನೆ, ಆದರೆ ಅದು ಹುರುಳಿಲ್ಲದ ಮಾತು ಎಂಬರ್ಥದ್ದು. ತನಗೆ ಬೇಕಾಗಿದ್ದ ವಿಶೇಷಣ ಅಲ್ಲಿ ಸಿಕ್ಕಿತು ಎನ್ನುತ್ತಾನೆ ಶಾ. ಶಾ ಹೇಳಿದ ಕಥೆಗಳನ್ನು ಅರ್ಧ ನಂಬಿದರೆ ಸಾಕು. ಆದರೂ ಹೆಸರಿನ ಜೊತೆಗೇ ಬೈಗುಳವನ್ನೂ ಖುಷಿಯಿಂದ ಎತ್ತಿಕೊಂಡದ್ದು ಅವನ ಸ್ವಭಾವಕ್ಕೆ ಒಪ್ಪುವ ಮಾತು. ಇಂಗ್ಲಿಷ್ ಕಾಗುಣಿತವನ್ನು ಜೀವಮಾನವೆಲ್ಲ ಹಳಿದ ಅವನು ಹೊಸ ಲಿಪಿಯೊಂದಕ್ಕಾಗಿ ಉಯಿಲಿನಲ್ಲಿ ಹಣ ಇಟ್ಟ. 1962ರಲ್ಲಿ ಅವನ ‘ಆಂಡ್ರೊಕ್ಲಿಸ್ ಅಂಡ್ ದ ಲಯನ್’ ನಾಟಕ ಆ ಲಿಪಿಯಲ್ಲಿ ಅಚ್ಚಾಯಿತು. ಲಿಪಿಗೆ ಇಟ್ಟ ಹೆಸರು ಶೇವಿಯನ್. ಉಚ್ಚರಿಸಿದಂತೆ ಬರೆಯಬೇಕೆಂದು ಹುಟ್ಟಿದ ಲಿಪಿಯ ಹೆಸರಿನಲ್ಲಿ, ಮೂಲದಲ್ಲಿ ಉಚ್ಚಾರಣೆಯೇ ಇಲ್ಲದ ಅಕ್ಷರದ ಪಳೆಯುಳಿಕೆ! ಇದೇ ಶಾ 1896ರಲ್ಲಿ ನಾಟಕ ವಿಮರ್ಶೆ ಬರೆಯುತ್ತ ಮಾರ್ಲೋವನ್ನು ತೀರ ಒರಟಾಗಿ ಜರೆದಿದ್ದ. ವಿಶೇಷಣದಲ್ಲಿ ಇಬ್ಬರದೂ ಒಂದೇ ವಕಾರ.

ಇನ್ನೂ ಕೆಲವು ನಂಟರಿದ್ದಾರೆ. ಲಂಡನ್ ಬಳಿಯ ಹ್ಯಾರೋ ಶಾಲೆಯಲ್ಲಿ ಓದಿದವರು ಹರೋವಿಯನ್ನರು. 1905ರಿಂದ ಎರಡು ವರ್ಷ ಅಲ್ಲಿದ್ದ ಜವಾಹರಲಾಲ್ ನೆಹರೂ ಕೂಡ ಆ ಲೆಕ್ಕಕ್ಕೆ ಸೇರುತ್ತಾರೆ. ಭೂವಿಜ್ಞಾನದವರಿಗೆ ಬರೋವಿಯನ್ ರೂಪಾಂತರ ಗೊತ್ತು. ಸ್ಕಾಟ್ಲೆಂಡಿನ ಬಂಡೆಗಳನ್ನು ನೋಡಿ 1893ರಲ್ಲಿ ಅದರ ವಿವರ ಕೊಟ್ಟ ಜಾರ್ಜ್ ಬ್ಯಾರೋ ಹೆಸರು ಅಲ್ಲಿದೆ. ನಮ್ಮ ವಕಾರಾಗಮಕ್ಕೆ ನಿಜವಾಗಿ ಹತ್ತಿರ ಬರುವುದು ಪೆರುವಿಯನ್. ಪೆರು ದೇಶದ ಹೆಸರಿನಲ್ಲಿ ಡಬ್ಲ್ಯು ಇಲ್ಲ, ವಿಯೂ ಇಲ್ಲ. ಲ್ಯಾಟಿನ್ನಿನಲ್ಲಿ ಅದನ್ನು ಪೆರುವಿಯಾ ಮಾಡುವಾಗ ಉಕಾರಕ್ಕೂ ಇಕಾರಕ್ಕೂ ನಡುವೆ ವಕಾರ ತಾನಾಗಿ ಬಂತು. ಕನ್ನಡ ಮೇಷ್ಟ್ರು ಕೇಳಿದರೆ ಪೂರ್ತಿ ಅಂಕ ಕೊಡುವಂಥ ಸಂಧಿ. ಹೀಗಾಗಿ ಮೊದಲು ಹೇಳಿದ ಉತ್ತರ ಮಾರ್ಲೋವಿಯನ್ನಿಗೆ ತಪ್ಪಾದರೂ ಪಕ್ಕದ ಮನೆಗೆ ಸರಿಹೋಗುತ್ತದೆ.

ಇನ್ನೊಂದು ಪ್ರಶ್ನೆ ಇದೆ. ವಿಶೇಷಣ ಕಟ್ಟಲು ಮೊದಲು ಹೆಸರೊಂದು ನಿಂತಿರಬೇಕು. ಮಾರ್ಲೋವಿನ ಹೆಸರು ಅವನು ಬದುಕಿದ್ದಾಗ ಒಂದು ಕಡೆ ನಿಲ್ಲಲೇ ಇಲ್ಲ. ಕೇಂಬ್ರಿಜ್ ದಾಖಲೆಗಳಲ್ಲಿ ಅವನು ಒಮ್ಮೆ ಮಾರ್ಲಿನ್, ಒಮ್ಮೆ ಮಾರ್ಲೆನ್. ಬಿ.ಎ. ಪದವಿಗೆ ಮಾರ್ಲಿನ್, ಎಂ.ಎ. ಹೊತ್ತಿಗೆ ಮಾರ್ಲಿ. ಆ ಎಂ.ಎ. ಕೊಡಲು ವಿಶ್ವವಿದ್ಯಾಲಯ ಹಿಂದೆಮುಂದೆ ನೋಡಿದಾಗ, ಇವನು ರಾಣಿಗೆ ಒಳ್ಳೆಯ ಸೇವೆ ಮಾಡಿದ್ದಾನೆ, ಪದವಿ ತಡೆಯಬೇಡಿ ಎಂದು 1587ರಲ್ಲಿ ಪ್ರಿವಿ ಕೌನ್ಸಿಲ್‌ನಿಂದ ಮಾತು ಬಂತು. ಅದರಲ್ಲಿ ಅವನ ಹೆಸರು ಮೋರ್ಲಿ. ಆ ಸೇವೆ ಗೂಢಚಾರಿಕೆ ಇರಬೇಕೆಂದು ಬಹಳ ಜನರ ಊಹೆ. 1592ರ ಜನವರಿಯಲ್ಲಿ ಕಡಲಾಚೆಯ ಫ್ಲಶಿಂಗ್ ಪಟ್ಟಣದಲ್ಲಿ ಖೋಟಾ ನಾಣ್ಯದ ಆರೋಪದ ಮೇಲೆ ಅವನನ್ನು ಹಿಡಿದಾಗ ಅಲ್ಲಿಯ ಗವರ್ನರ್ ರಾಬರ್ಟ್ ಸಿಡ್ನಿ ಲಂಡನ್ನಿಗೆ ಬರೆದ ಪತ್ರದಲ್ಲಿ ಮಾರ್ಲಿ. ರಾಬರ್ಟ್ ಗ್ರೀನ್ ಎಂಬ ಹೊಟ್ಟೆಕಿಚ್ಚಿನ ಲೇಖಕ 1588ರಲ್ಲಿ ಮೆರ್ಲಿನ್ ಎಂಬ ಮಾಂತ್ರಿಕನ ಹೆಸರು ಎಳೆದು ತಂದು ಚುಚ್ಚಿದ. ಮಾರ್ಲಿನ್ ಎಂದು ಜನ ಕರೆಯುತ್ತಿದ್ದರಿಂದಲೇ ಆ ಶ್ಲೇಷೆ ಓದುಗರಿಗೆ ತಾಗಿದ್ದು.

ಅವನ ಸ್ವಂತ ಕೈಬರಹ ಏನು ಹೇಳುತ್ತದೆ? ಉಳಿದಿರುವುದು ಒಂದೇ ಸಹಿ. 1585ರಲ್ಲಿ ಕ್ಯಾಂಟರ್ಬರಿಯ ಕ್ಯಾಥರೀನ್ ಬೆಂಚ್‌ಕಿನ್ ಎಂಬ ಹೆಂಗಸಿನ ಉಯಿಲಿಗೆ ಅವನು ಸಾಕ್ಷಿ ಹಾಕಿದ್ದಾನೆ. ಸಹಿ: ‘ಕ್ರಿಸ್ಟೋಫರ್ ಮಾರ್ಲಿ’. ಡಬ್ಲ್ಯು ಇಲ್ಲ, ಓಕಾರವೂ ಇಲ್ಲ. ತನ್ನ ಹೆಸರನ್ನು ತಾನೇ ಬರೆದಾಗ ಅವನು ಮಾರ್ಲೋ ಆಗಿರಲಿಲ್ಲ ಎನ್ನುವುದನ್ನು ಇಂಗ್ಲಿಷ್ ಅಧ್ಯಾಪಕರು ತರಗತಿಯಲ್ಲಿ ಹೇಳಿದರೆ ವಿದ್ಯಾರ್ಥಿಗಳು ಆ ದಿನವಾದರೂ ಎಚ್ಚರವಾಗಿರುತ್ತಾರೆ.

ಅಚ್ಚಿನಲ್ಲೂ ಇದೇ ಪಾಡು. 1590ರ ‘ಟ್ಯಾಂಬರ್ಲೇನ್’ ಮುದ್ರಣದಲ್ಲಿ ಕರ್ತೃವಿನ ಹೆಸರೇ ಇಲ್ಲ. 1594ರ ‘ಡೈಡೋ’ದ ಮುಖಪುಟದಲ್ಲಿ ಇವತ್ತಿನ ಕಾಗುಣಿತದ ಮಾರ್ಲೋ ಇದ್ದಾನೆ, ಅದೇ ವರ್ಷದ ‘ಎಡ್ವರ್ಡ್ ದ ಸೆಕೆಂಡ್’ನಲ್ಲಿ ಕೊನೆಯ ಇ ಬಿದ್ದುಹೋಗಿದೆ. 1598ರ ‘ಹೀರೋ ಅಂಡ್ ಲಿಯಾಂಡರ್’ ಕಾವ್ಯದಲ್ಲಿ ಡಬ್ಲ್ಯು ಮಾಯ. 1604ರ ‘ಡಾಕ್ಟರ್ ಫೌಸ್ಟಸ್’ ಹೆಸರನ್ನು ‘ಮಾರ್ಲ್’ ಎಂದು ಅರ್ಧಕ್ಕೇ ಕತ್ತರಿಸಿತು; 1616ರ ಮುದ್ರಣ ಇನ್ನೊಂದಕ್ಷರ ಬಿಟ್ಟು ‘ಮಾರ್’ಗೆ ನಿಂತಿತು. 1633ರ ‘ದ ಜ್ಯೂ ಆಫ್ ಮಾಲ್ಟಾ’ದಲ್ಲಿ ಡಬ್ಲ್ಯು, ಇ ಎರಡೂ ಇಲ್ಲದ ಮಾರ್ಲೋ.

ಸಾವಿನಲ್ಲೂ ಹೆಸರು ಸ್ಥಿರವಾಗಲಿಲ್ಲ. 1593ರ ಮೇ 30ರಂದು ಡೆಟ್‌ಫರ್ಡ್‌ನಲ್ಲಿ ಎಲಿನರ್ ಬುಲ್ ಎಂಬ ವಿಧವೆಯ ಮನೆಯಲ್ಲಿ ನಾಲ್ವರು ಗಂಡಸರು ದಿನವಿಡೀ ಕೂತಿದ್ದರು. ಸಂಜೆ ಊಟವಾದ ಮೇಲೆ ಲೆಕ್ಕ ಚುಕ್ತಾ ಮಾಡುವ ಮಾತಿಗೆ ಜಗಳ ಹತ್ತಿತು. ಇಂಗ್ರಾಮ್ ಫ್ರೈಜರ್ ಎಂಬವನ ಚಾಕು ಮಾರ್ಲೋವಿನ ಬಲಗಣ್ಣಿನ ಮೇಲೆ ಹೊಕ್ಕಿತು. ಅವನಿಗೆ ಆಗ 29. ಎರಡು ದಿನದ ಮೇಲೆ ನಡೆದ ಶವಪಂಚನಾಮೆಯನ್ನು ಲ್ಯಾಟಿನ್ನಿನಲ್ಲಿ ಬರೆದರು, ಸತ್ತವನ ಹೆಸರು ಮೋರ್ಲಿ ಎಂದು. ಚರ್ಚಿನ ಸಮಾಧಿ ದಫ್ತರದಲ್ಲಿ ಮಾರ್ಲೋ ಎಂದು ಸರಿಯಾಗಿ ಬರೆದರು, ಕೊಂದವನ ಹೆಸರನ್ನು ಮಾತ್ರ ತಪ್ಪಿ ಫ್ರಾನ್ಸಿಸ್ ಮಾಡಿದರು. 19ನೇ ಶತಮಾನದಲ್ಲಿ ಆ ಹಾಳೆ ಓದಿದವರು ಫ್ರೈಜರ್ ಎಂಬುದನ್ನು ಆರ್ಚರ್ ಎಂದು ಓದಿ, ಎಷ್ಟೋ ಕಾಲ ಇಲ್ಲದ ಆರ್ಚರನೊಬ್ಬ ಕೊಲೆಗಾರನಾಗಿ ಓಡಾಡಿದ. ಲೆಸ್ಲಿ ಹಾಟ್ಸನ್ ಎಂಬ ಸಂಶೋಧಕ ಸರ್ಕಾರಿ ದಫ್ತರಖಾನೆಯಲ್ಲಿ ಆ ಲ್ಯಾಟಿನ್ ಪಂಚನಾಮೆಯನ್ನು ಹುಡುಕಿ 1925ರಲ್ಲಿ ಪ್ರಕಟಿಸಿದ ಮೇಲೆಯೇ ಫ್ರೈಜರನ ಹೆಸರು ಬೆಳಕಿಗೆ ಬಂದದ್ದು.

ಇಷ್ಟು ರೂಪಗಳಲ್ಲಿ ಯಾವುದಾದರೂ ಒಂದು ಗೆದ್ದಿರಬಹುದಿತ್ತು. ಅವನ ಸಹಿಯೇ ಗೆದ್ದಿದ್ದರೆ ವಿಶೇಷಣದಲ್ಲಿ ವಿ ಬರುವ ಪ್ರಶ್ನೆಯೇ ಇರಲಿಲ್ಲ. ಮಾರ್ಲಿನ್ ಗೆದ್ದಿದ್ದರೆ ಮಾರ್ಲೀನಿಯನ್ ಎನ್ನುತ್ತಿದ್ದರೋ ಏನೋ. ಗೆದ್ದದ್ದು ಡಬ್ಲ್ಯು ಇರುವ ಮಾರ್ಲೋ. 19ನೇ ಶತಮಾನದಲ್ಲಿ ಸಂಪಾದಕರು ಅವನನ್ನು ಮತ್ತೆ ಓದಿಗೆ ತಂದರು, 1850ರಲ್ಲಿ ಅಲೆಗ್ಸಾಂಡರ್ ಡೈಸನ ಆವೃತ್ತಿ, 1887ರಲ್ಲಿ ಹ್ಯಾವ್‌ಲಾಕ್ ಎಲಿಸನದು. ಆ ಹೊತ್ತಿಗೆ ಕಾಗುಣಿತ ಗಟ್ಟಿಯಾಗಿತ್ತು. ಮಾರ್ಲೋವಿಯಸ್ ಎಂಬವನು ಕಾಗದದ ಮೇಲೆ ಮಾತ್ರ ಬದುಕಿದವನು. ಕ್ಯಾಂಟರ್ಬರಿಯ ಓಣಿಯಲ್ಲಿ ಆ ಹೆಸರು ಕೂಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ನನ್ನನ್ನು ಈ ಪದಕ್ಕೆ ಕಟ್ಟಿಹಾಕಿದ್ದು ಇನ್ನೊಂದು ವಿಷಯ. ಮಾರ್ಲೋ ಎಂಬ ಮನೆತನದ ಹೆಸರನ್ನು ಥೇಮ್ಸ್ ದಂಡೆಯ ಮಾರ್ಲೋ ಊರಿಗೆ ಜೋಡಿಸುವುದು ವಾಡಿಕೆ. ಬಕಿಂಗ್‌ಹ್ಯಾಮ್‌ಷೈರಿನ ಊರು ಅದು. 1817ರಲ್ಲಿ ಶೆಲ್ಲಿ ದಂಪತಿ ಅಲ್ಲಿದ್ದಾಗ ಮೇರಿ ಶೆಲ್ಲಿ ‘ಫ್ರಾಂಕನ್‌ಸ್ಟೈನ್’ ಬರೆದು ಮುಗಿಸಿದರು. ಊರಿನ ಹೆಸರಿನಲ್ಲಿ ಎರಡು ಹಳೆಯ ಇಂಗ್ಲಿಷ್ ಪದಗಳಿವೆ. ‘ಮೆರೆ’ ಎಂದರೆ ಕೆರೆ, ಕೊಳ. ‘ಲಾಫ್’ ಎಂದರೆ ಉಳಿದದ್ದು, ಮಿಕ್ಕದ್ದು. ಕೊಳದ ನೀರು ಬಸಿದು ಹೋದ ಮೇಲೆ ಉಳಿದ ನೆಲ ಅದು. ನಮ್ಮಲ್ಲಿ ಕೆರೆ ಬತ್ತಿದಾಗ ಬಿಟ್ಟುಕೊಡುವ ಕೆರೆಯಂಗಳವನ್ನು ನೆನೆಸಿಕೊಂಡರೆ ಅರ್ಥ ಕಣ್ಣಿಗೆ ಕಟ್ಟುತ್ತದೆ. 1015ರಲ್ಲಿ ಬರೆದಾಗ ಊರು ಮೆರೆಲಾಫನ್. ಹಳೆಯ ಇಂಗ್ಲಿಷಿನಲ್ಲಿ ಎರಡು ಸ್ವರಗಳ ನಡುವೆ ಎಫ್ ಬಂದರೆ ಅದರ ಉಚ್ಚಾರಣೆ ವಿ. ಎಂದರೆ ಜನರ ಬಾಯಲ್ಲಿ ಮೆರೆಲಾವನ್. 1086ರ ಡೂಮ್ಸ್‌ಡೇ ಪುಸ್ತಕದಲ್ಲಿ ಮೆರ್ಲಾವೆ ಎಂದೇ ಇದೆ. ಆ ವಕಾರ ಮುಂದೆ ಸಡಿಲವಾಗಿ ದುಂಡಾಗಿ ಡಬ್ಲ್ಯು ಆಯಿತು. ಕೊನೆಗೆ ಓಕಾರದಲ್ಲಿ ಕರಗಿ, ಬರವಣಿಗೆಯಲ್ಲಿ ಮಾತ್ರ ಉಳಿಯಿತು.

ಹೀಗೆ ಕರಗಿಹೋದ ಅಕ್ಷರವನ್ನೇ ಲ್ಯಾಟಿನ್ ಪಂಡಿತರು, ಅದರ ಹಿಂದುಮುಂದು ನೋಡದೆ, ತಮ್ಮ ಕಾಗುಣಿತದ ಲೆಕ್ಕದಲ್ಲಿ ವಿ ಮಾಡಿದರು. ಮೆರ್ಲಾವೆಯ ವಕಾರವೇ ಮಾರ್ಲೋವಿಯನ್ನಿನಲ್ಲಿ ಹಿಂತಿರುಗಿ ಬಂದಿತು ಎಂದು ಹೇಳುವ ಆಸೆಯಾಗುತ್ತದೆ; ಹೇಳಬಾರದು. ಎರಡಕ್ಕೂ ಚರಿತ್ರೆಯಲ್ಲಿ ಸಂಬಂಧವಿಲ್ಲ, ಇದು ಬರೀ ಕಾಕತಾಳೀಯ. ಹಾಗೆಂದು ಖಚಿತವಾಗಿ ಹೇಳಲು ಶಾ ಮತ್ತು ಹ್ಯಾರೋ ನೆರವಿಗೆ ಬರುತ್ತವೆ. ಶಾ ಎಂಬ ಹೆಸರು ‘ಷಾಗ’ ಎಂಬ ಹಳೆಯ ಪದದಿಂದ ಬಂದದ್ದು, ಅರ್ಥ ಸಣ್ಣ ತೋಪು. ಹ್ಯಾರೋ ಬಂದದ್ದು ‘ಹೆಆರ್ಗ್’ ಎಂಬುದರಿಂದ, ಎಂದರೆ ಕ್ರೈಸ್ತರಾಗುವ ಮೊದಲಿನ ಜನರ ದೇವಸ್ಥಾನ. ಎರಡರಲ್ಲೂ ಡಬ್ಲ್ಯು ಆದದ್ದು ಗಕಾರ. ಮೂಲದಲ್ಲಿ ವಕಾರ ಇಲ್ಲದಿದ್ದರೂ ಶೇವಿಯನ್, ಹರೋವಿಯನ್ ಎರಡರಲ್ಲೂ ಅದು ಬಂದು ಕೂತಿದೆ. ಲ್ಯಾಟಿನ್ ಮೇಷ್ಟ್ರ ಕಣ್ಣಿಗೆ ಕಂಡದ್ದು ಕೊನೆಯ ಅಕ್ಷರ ಮಾತ್ರ. ಪದದ ಪೂರ್ವಜರನ್ನು ಅವರು ಕೇಳಲಿಲ್ಲ. ಮೂವರಿಗೂ ಒಂದೇ ಸಮವಸ್ತ್ರ ಹೊಲಿಸಿದರು, ಅದು ಮಾರ್ಲೋವಿಗೆ ಮಾತ್ರ ಅಳತೆಗೆ ಸರಿಯಾಗಿ ಕೂತಿತು. ಹೆಸರುಗಳ ಸಾದೃಶ್ಯ ಕಂಡ ಕೂಡಲೇ ಸಂಬಂಧ ಕಟ್ಟಿಬಿಡುವ ಚಪಲ ನಮ್ಮ ಸ್ಥಳನಾಮ ಚರ್ಚೆಗಳಲ್ಲೂ ಕಡಿಮೆ ಇಲ್ಲ. ಪಕ್ಕದ ಎರಡು ಹೆಸರುಗಳನ್ನು ಅದೇ ತಕ್ಕಡಿಯಲ್ಲಿ ತೂಗಿ ನೋಡಿದರೆ ಎಷ್ಟೋ ವಾದಗಳು ಅಲ್ಲೇ ಬೀಳುತ್ತವೆ.

ಇನ್ನು ಅರ್ಥ. ವಿಮರ್ಶಕರು ಮಾರ್ಲೋವಿಯನ್ ಎಂದಾಗ ಮೊದಲು ಮನಸ್ಸಿಗೆ ಬರುವುದು ಅವನ ಸಾಲು. 1587ರ ಸುಮಾರಿಗೆ ‘ಟ್ಯಾಂಬರ್ಲೇನ್’ ರಂಗಕ್ಕೆ ಬಂದಾಗ ಪ್ರಾಸವಿಲ್ಲದ ಐದು ಗಣದ ಸಾಲು, ನಮ್ಮಲ್ಲಿ ಸರಳ ರಗಳೆ ಮಾಡಿದಂಥ ಕೆಲಸವನ್ನು ಇಂಗ್ಲಿಷ್ ನಾಟಕಕ್ಕೆ ಮಾಡಿತು. ಅವನಿಗಿಂತ ಮೊದಲೂ ಅದು ಇತ್ತು, ಆದರೆ ಕಾಲೆಳೆದುಕೊಂಡು ನಡೆಯುತ್ತಿತ್ತು. ಮಾರ್ಲೋ ಒಂದೊಂದು ಸಾಲನ್ನೂ ಕೊನೆತನಕ ತುಂಬಿ ನಿಲ್ಲಿಸಿದ. ಪರ್ಸೆಪೊಲಿಸ್, ಜೆನೋಕ್ರೇಟ್, ಉಸಂಕಸಾನಿ ಥರದ ಉದ್ದುದ್ದ ಹೆಸರುಗಳನ್ನು ನಗಾರಿಯಂತೆ ಬಾರಿಸಿದ. ನಾಯಕರೂ ಹಾಗೆಯೇ. ಕುರಿ ಕಾಯುವವನು ಅರಸರನ್ನು ರಥಕ್ಕೆ ಹೂಡಿ ಓಡಿಸುತ್ತಾನೆ, ಪಂಡಿತನಿಗೆ ಎಲ್ಲ ವಿದ್ಯೆಯೂ ಸಾಲದಾಗುತ್ತದೆ. ಅಳತೆ ಮೀರಿ ಕೈಚಾಚುವ ಈ ಸ್ವಭಾವವನ್ನೇ ಹಿಡಿದು ಹ್ಯಾರಿ ಲೆವಿನ್ 1952ರಲ್ಲಿ ಅವನ ಮೇಲೆ ಬರೆದ ಪುಸ್ತಕ ಇಂದಿಗೂ ಓದಲು ಯೋಗ್ಯ. ಷೇಕ್ಸ್‌ಪಿಯರ್ ಆ ಸಾಲನ್ನು ಪಡೆದು, ಮುರಿದು, ಮಾತಿಗೆ ಬಗ್ಗಿಸಿದ. ಅದು ಬೇರೆ ಉಪನ್ಯಾಸ.

ಎರಡನೆಯ ಅರ್ಥ ಸ್ವಲ್ಪ ವಿಚಿತ್ರದ್ದು. ಮಾರ್ಲೋ ಡೆಟ್‌ಫರ್ಡ್‌ನಲ್ಲಿ ಸಾಯಲಿಲ್ಲ, ಸತ್ತಂತೆ ನಟಿಸಿ ಓಡಿಹೋಗಿ, ಷೇಕ್ಸ್‌ಪಿಯರನ ಹೆಸರಿನಲ್ಲಿ ನಾಟಕ ಬರೆದ ಎಂದು ನಂಬುವವರನ್ನೂ ಮಾರ್ಲೋವಿಯನ್ನರು ಎನ್ನುತ್ತಾರೆ. ಈ ವಾದವನ್ನು ಹಬ್ಬಿಸಿದವನು ಅಮೆರಿಕದ ಕ್ಯಾಲ್ವಿನ್ ಹಾಫ್‌ಮನ್, 1955ರ ತನ್ನ ಪುಸ್ತಕದಿಂದ. ಮರುವರ್ಷ ಅವನ ಒತ್ತಾಯದ ಮೇಲೆ ಮಾರ್ಲೋವಿನ ಆಶ್ರಯದಾತ ಥಾಮಸ್ ವಾಲ್ಸಿಂಗ್‌ಹ್ಯಾಮನ ಗೋರಿಕಟ್ಟೆಯನ್ನು ತೆರೆದರು. ಹಸ್ತಪ್ರತಿ ಸಿಗಬಹುದೆಂದು ಕಾದವರಿಗೆ ಸಿಕ್ಕಿದ್ದು ಮರಳು. ಪಂಚನಾಮೆ, ಸಮಾಧಿ ದಫ್ತರ ಎರಡೂ ಸಾವನ್ನು ಹೇಳುವಾಗ ಈ ವಾದಕ್ಕೆ ನೆಲೆ ಇಲ್ಲ ಎಂದೇ ನನ್ನ ಅಭಿಪ್ರಾಯ. ಆದರೂ 2002ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯ ಕವಿಗಳ ಮೂಲೆಯಲ್ಲಿ ಅವನ ನೆನಪಿನ ಗಾಜು ಕೂಡಿಸುವಾಗ, ಮರಣದ ವರ್ಷದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಮೂರನೆಯ ಅರ್ಥವೂ ಇದೆ, ಅದು ಜೋಸೆಫ್ ಕಾನ್ರಾಡ್‌ನ ಕಾದಂಬರಿಗಳಲ್ಲಿ ಕಥೆ ಹೇಳುವ ಮಾರ್ಲೋ ಎಂಬ ನಾವಿಕನದು. ಅವನ ನಿರೂಪಣೆಯನ್ನೂ ವಿಮರ್ಶಕರು ಮಾರ್ಲೋವಿಯನ್ ಎನ್ನುವುದುಂಟು. ಪ್ರಬಂಧ ಹುಡುಕುವ ವಿದ್ಯಾರ್ಥಿ ಯಾವ ಮಾರ್ಲೋ ಎಂದು ಮೊದಲು ನೋಡಿಕೊಳ್ಳುವುದು ಕ್ಷೇಮ.

ಕೊನೆಯದಾಗಿ, ಕನ್ನಡದಲ್ಲಿ ವಿಮರ್ಶೆ ಬರೆಯುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು. ‘ಮಾರ್ಲೋವಿಯನ್ ಶೈಲಿ’, ‘ಶೇವಿಯನ್ ಹಾಸ್ಯ’, ‘ಮಿಲ್ಟಾನಿಕ್ ಗಾಂಭೀರ್ಯ’ ಎಂದು ಬರೆದ ಲೇಖನಗಳನ್ನು ಈಚೆಗೆ ಹೆಚ್ಚಾಗಿ ನೋಡುತ್ತಿದ್ದೇನೆ. ಷೇಕ್ಸ್‌ಪಿಯರ್ ಯಾರೆಂಬ ಆ ವಾದದವರನ್ನು ಹೆಸರಿಸಬೇಕಾದಾಗ ಮಾರ್ಲೋವಿಯನ್ನರು ಎನ್ನಿ, ಬೇರೆ ಪದವಿಲ್ಲ. ಶೈಲಿಯ ಮಾತು ಬಂದಾಗ ‘ಮಾರ್ಲೋವಿನ ಸಾಲು’, ‘ಶಾನ ಹಾಸ್ಯ’ ಎಂದರೆ ಸಾಕು. ಲ್ಯಾಟಿನ್ ಸುತ್ತಿ ಬರಬೇಕಾದ ವಕಾರ ನಮ್ಮ ಷಷ್ಠಿಯಲ್ಲಿ ತಾನಾಗಿಯೇ ಬರುತ್ತದೆ, ಅದೂ ನಿಜವಾದ ವಕಾರಾಗಮವಾಗಿ. ಮತ್ತೆ, ಈ ರಜೆಯಲ್ಲಿ ‘ಎಡ್ವರ್ಡ್ ದ ಸೆಕೆಂಡ್’ ಓದಿ. ಪಠ್ಯದಲ್ಲಿ ‘ಫೌಸ್ಟಸ್’ ಇದ್ದೇ ಇರುತ್ತದೆ. ಇದನ್ನು ನೀವಾಗಿಯೇ ಕೈಗೆತ್ತಿಕೊಳ್ಳಬೇಕು.